ಅಂಗಳದ ಕಾಂಕ್ರೀಟ್ ಹಾಸು ಬಿರಿದರೆ, ತಗ್ಗಿದರೆ, ಪುಡಿ ಉದುರಿದರೆ: ಕಾರಣ ಹುಡುಕುವ ಕೈಪಿಡಿ

ಅಂಗಳದ ಕಾಂಕ್ರೀಟಿನಲ್ಲಿ ಬಿರುಕು ಕಂಡ ಕೂಡಲೇ ಒಂದಿಷ್ಟು ಸಿಮೆಂಟ್ ಕಲಸಿ ಮೆತ್ತಿಬಿಡುವವರೇ ಹೆಚ್ಚು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಗೆರೆ ಮತ್ತೆ ಬಾಯಿ ಬಿಟ್ಟಿರುತ್ತದೆ. ಮೆತ್ತಿದ ಸಿಮೆಂಟು ಕೆಟ್ಟದ್ದೆಂದಲ್ಲ. ಬಿರುಕು ಇನ್ನೂ ಅಲುಗುತ್ತಿದೆಯೋ, ನಿಂತುಹೋಗಿದೆಯೋ ಎಂದು ನೋಡದೆಯೇ ಮುಚ್ಚಿದ್ದು ತಪ್ಪು. ಮೇಲೆ ಕಾಣುವ ದೋಷದ ಮೂಲ ಬಹುಪಾಲು ಎರಡೇ ಕಡೆ ಇರುತ್ತದೆ: ಒಂದು ಕೆಳಗಿನ ನೆಲ, ಇನ್ನೊಂದು ಕಲಸುವಾಗ ಹಾಕಿದ ನೀರು. ಯಾವುದು ಎಂದು ಗೊತ್ತುಮಾಡಿಕೊಳ್ಳದೆ ದುರಸ್ತಿಗೆ ಇಳಿಯಬೇಡಿ.

ಇಲ್ಲಿ ಹೇಳಿರುವುದೆಲ್ಲ ನೆಲದ ಮೇಲೆ ನೇರವಾಗಿ ಸುರಿದ, ಸುಮಾರು 100 ಮಿ.ಮೀ. ದಪ್ಪದ, ಜನ ಓಡಾಡುವ ಮತ್ತು ಕುರ್ಚಿ ಮೇಜು ಹಾಕಿಕೊಳ್ಳುವ ಹಾಸಿನ ಬಗ್ಗೆ. ಕಾರು ನಿಲ್ಲಿಸುವ ಜಾಗವಾದರೆ ದಪ್ಪ 125ರಿಂದ 150 ಮಿ.ಮೀ. ಇರಬೇಕು. ಅಲ್ಲಿ 100 ಮಿ.ಮೀ. ಹಾಕಿದ್ದೇ ಬಿರುಕಿಗೆ ಕಾರಣವಾಗಿರಬಹುದು.

ಮೊದಲು ಕೇಳಬೇಕಾದದ್ದು: ಯಾವಾಗ ಕಾಣಿಸಿತು?

ಸುರಿದ ಮೊದಲ ಐದಾರು ಗಂಟೆಯೊಳಗೆ ಬಿರುಕು ಬಂದಿದ್ದರೆ ಮೇಲ್ಮೈಯ ನೀರು ಬೇಗ ಆರಿಹೋಗಿದೆ ಎಂದರ್ಥ. ಮರುದಿನದಿಂದ ಕೆಲವು ವಾರಗಳೊಳಗೆ ಬಂದಿದ್ದರೆ ಕಾಂಕ್ರೀಟು ಕುಗ್ಗಿದೆ, ಕುಗ್ಗಲು ಬೇಕಾದ ಜಾಯಿಂಟು (ಹಾಸನ್ನು ಭಾಗ ಮಾಡಲು ಬೇಕೆಂದೇ ಕೊಯ್ದ ಗೆರೆ) ಸಿಕ್ಕಿಲ್ಲ. ತಿಂಗಳುಗಟ್ಟಲೆ ಚೆನ್ನಾಗಿದ್ದು, ಒಂದು ಮಳೆಗಾಲವೋ ಬೇಸಿಗೆಯೋ ಕಳೆದ ಮೇಲೆ ಬಂದಿದ್ದರೆ ಕೆಳಗಿನ ನೆಲವನ್ನೇ ಅನುಮಾನಿಸಿ.

ಯಾವಾಗ ಬಂತೆಂದು ಯಾರಿಗೂ ನೆನಪಿಲ್ಲದಿದ್ದರೆ ಬಿರುಕೇ ಹೇಳುತ್ತದೆ. ಅಗಲವಾಗಿರುವ ಜಾಗದಲ್ಲಿ ದೂಳು ಊದಿ ತೆಗೆದು, ಟಾರ್ಚನ್ನು ಓರೆಯಾಗಿ ಹಿಡಿದು ಒಳಗೆ ನೋಡಿ. ಸೀಳು ಜಲ್ಲಿಯ ಸುತ್ತ ಬಳಸಿಕೊಂಡು ಹೋಗಿದ್ದರೆ, ಅಂದರೆ ಒಂದು ಬದಿಯಲ್ಲಿ ಇಡೀ ಜಲ್ಲಿ ಉಳಿದು ಎದುರು ಬದಿಯಲ್ಲಿ ಅದರ ನುಣುಪಾದ ಅಚ್ಚು ಮಾತ್ರ ಕಂಡರೆ, ಕಾಂಕ್ರೀಟು ಇನ್ನೂ ಎಳೆಯದಾಗಿದ್ದಾಗಲೇ ಬಿರಿದಿದೆ. ಜಲ್ಲಿಯೇ ಎರಡು ಹೋಳಾಗಿದ್ದರೆ ಅದು ಪೂರ್ತಿ ಗಟ್ಟಿಯಾದ ಮೇಲೆ ಬಂದ ಬಿರುಕು. ಮೇಲುಮೇಲಿನಿಂದ ನೋಡಿ ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು.

ಕೈಗೆ ಬೇಕಾದ ಸಾಮಾನು, ಮೊದಲ ಪರೀಕ್ಷೆಗಳು

ಸಣ್ಣ ಸುತ್ತಿಗೆ, 2ರಿಂದ 3 ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿ, ಲೆವೆಲ್ ಪೈಪು, ಸ್ಟೀಲ್ ಸ್ಕೇಲು, 6 ಮಿ.ಮೀ. ದಪ್ಪದ ಕಂಬಿಯ ಒಂದು ತುಂಡು, ಪೆನ್ಸಿಲ್, ಸೀಮೆಸುಣ್ಣ, ಟಾರ್ಚು, ಕೆಲವು ಮೊಳೆ, ವರ್ನಿಯರ್ ಕ್ಯಾಲಿಪರ್, ಎರಡು ಬಕೆಟ್ ನೀರು. ಇಷ್ಟಿದ್ದರೆ ಸಾಕು.

ಸುತ್ತಿಗೆಯಿಂದ ಹಾಸಿನುದ್ದಕ್ಕೂ ಅರ್ಧ ಅಡಿಗೊಮ್ಮೆ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಜಾಗ ಕಣಕಣ ಎನ್ನುತ್ತದೆ. ದೊಡ್ಡ ವಿಸ್ತಾರದಲ್ಲಿ ದಬದಬ ಎಂದು ತುಂಬುದನಿ ಬಂದರೆ ಹಾಸಿನ ಅಡಿಯಲ್ಲಿ ಟೊಳ್ಳಿದೆ. ಅಂಗೈ ಅಗಲದ ಜಾಗದಲ್ಲಿ ಮಾತ್ರ ತೆಳುವಾಗಿ ಟಪಟಪ ಎಂದರೆ ಮೇಲಿನ ಪದರ ಬಿಟ್ಟುಕೊಂಡಿದೆ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ತಟ್ಟಿದ ಹಾಗೇ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರೆ ದೋಷದ ನಕ್ಷೆ ತಾನಾಗಿ ಮೂಡುತ್ತದೆ.

ಆಮೇಲೆ ಬಿರುಕಿಗೆ ಅಡ್ಡಲಾಗಿ ಸ್ಟೀಲ್ ಸ್ಕೇಲು ಇಡಿ. ಎರಡೂ ಬದಿ ಒಂದೇ ಮಟ್ಟದಲ್ಲಿದ್ದು ನಡುವೆ ಸಂದು ಮಾತ್ರ ಇದ್ದರೆ ಕುಗ್ಗುವಿಕೆ. ಒಂದು ಬದಿ ಕೆಳಗೋ ಮೇಲೋ ಇದ್ದರೆ ನೆಲ ಕುಸಿದಿದೆ ಅಥವಾ ಉಬ್ಬಿದೆ. ಇದೊಂದೇ ಪರೀಕ್ಷೆಯಲ್ಲಿ ಅರ್ಧ ಕಾರಣಗಳು ಪಟ್ಟಿಯಿಂದ ಹೊರಬೀಳುತ್ತವೆ.

ಬಿರುಕು ಅಲುಗುತ್ತಿದೆಯೇ ಎಂದು ತಿಳಿಯಲು ಅದರ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಎರಡು ಮೂರು ಕಡೆ ಬಿರುಕಿನ ಆಚೀಚೆ ಒಂದೊಂದು ಚಿಕ್ಕ ಮೊಳೆ ಕೂರಿಸಿ, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದಿಡಿ. ಅಳತೆ ಪ್ರತಿಸಲ ಬೆಳಗಿನ ಒಂದೇ ಹೊತ್ತಿನಲ್ಲಿ ಆಗಬೇಕು. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ; 4 ಮೀಟರ್ ಉದ್ದದ ಹಾಸು 20 ಡಿಗ್ರಿ ಉಷ್ಣಾಂಶ ಬದಲಾದರೆ ಸುಮಾರು 0.8 ಮಿ.ಮೀ. ಉದ್ದವಾಗುತ್ತದೆ. ಮಧ್ಯಾಹ್ನ ಒಮ್ಮೆ, ಬೆಳಗ್ಗೆ ಒಮ್ಮೆ ಅಳೆದರೆ ಆ ವ್ಯತ್ಯಾಸವನ್ನೇ ದೋಷವೆಂದು ಎಣಿಸಿಬಿಡುತ್ತೀರಿ. ಕಡಿಮೆಯೆಂದರೆ ಆರು ವಾರ ನೋಡಿ. ನೆಲದ ಅನುಮಾನವಿದ್ದರೆ ಒಂದು ಮಳೆ, ಒಂದು ಒಣಕಾಲ ಎರಡನ್ನೂ ದಾಟಿಸಿ ನೋಡುವುದೇ ಸರಿ.

ಒಂದು ಕಡೆ ತಗ್ಗಿದೆ, ಮೂಲೆ ಮುರಿದಿದೆ

ಇದು ನೆಲ ತಯಾರಿಯ ದೋಷ. ದುರಸ್ತಿಯಲ್ಲಿ ಅತಿ ಹೆಚ್ಚು ದುಡ್ಡು ತಿನ್ನುವುದೂ ಇದೇ. ಕಾಂಕ್ರೀಟಿನ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ: ಎಷ್ಟೇ ಒಳ್ಳೆಯ ಮಿಶ್ರಣ ಹಾಕಿದ್ದರೂ 100 ಮಿ.ಮೀ. ಹಾಸು ಕೆಳಗೆ ಆಸರೆ ಇಲ್ಲದೆ ನಿಲ್ಲಲಾರದು.

ಬಿರುಕು ಮನೆಯ ಗೋಡೆಗೆ ಸಮಾನಾಂತರವಾಗಿ, ಗೋಡೆಯಿಂದ 60 ಸೆಂ.ಮೀ.ನಿಂದ 1 ಮೀಟರ್ ದೂರದಲ್ಲಿ ಓಡುತ್ತಿದೆಯೇ? ಹಾಗಿದ್ದರೆ ಪಾಯ ತೋಡಿದ ಗುಂಡಿಗೆ ಸಡಿಲ ಮಣ್ಣು ತುಂಬಿ ಹಾಗೇ ಬಿಟ್ಟಿದ್ದಾರೆ. ಆ ಪಟ್ಟಿ ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ, ಹಾಸು ಮನೆಯ ಕಡೆಗೆ ವಾಲುತ್ತದೆ, ಮಳೆನೀರು ನೇರ ಪಾಯದ ಬುಡಕ್ಕೆ ಹೋಗುತ್ತದೆ. ಹೋದ ನೀರು ಮಣ್ಣನ್ನು ಇನ್ನಷ್ಟು ಇಳಿಸುತ್ತದೆ. ತಡಮಾಡಬಾರದ ದೋಷ ಯಾವುದಾದರೂ ಇದ್ದರೆ ಇದು.

ಮೂಲೆಯೊಂದೇ ತ್ರಿಕೋನಾಕಾರದಲ್ಲಿ ಮುರಿದು ಕೆಳಗಿಳಿದಿದ್ದರೆ ಹತ್ತಿರದಲ್ಲೇ ನೀರಿನ ಮೂಲ ಹುಡುಕಿ. ಮಾಳಿಗೆಯಿಂದ ಇಳಿಯುವ ಪೈಪಿನ ಬಾಯಿ, ತೋಟದ ನಲ್ಲಿ, ಒಡೆದ ಚರಂಡಿ ಪೈಪು, ಯಾವುದೇ ಇರಬಹುದು. ಜಲ್ಲಿಯ ಬದಲು ಬರೀ ಮರಳು ಹಾಸಿದ ಕಡೆ ನೀರು ಹರಿದರೆ ಮರಳು ಅಂಚಿನಿಂದ ಕೊಚ್ಚಿಕೊಂಡು ಹೋಗಿ ಹಾಸು ನೇತಾಡುತ್ತಿರುತ್ತದೆ. ನೀರಿನ ಪೈಪು ಸೋರುತ್ತಿದೆಯೇ ಎಂದು ತಿಳಿಯಲು ಎಲ್ಲ ನಲ್ಲಿ ಮುಚ್ಚಿ ಮೀಟರನ್ನು ಒಂದು ಗಂಟೆ ನೋಡಿ, ಮುಳ್ಳು ಅಲುಗಬಾರದು.

ನಡುವೆ ಬಟ್ಟಲಿನ ಹಾಗೆ ತಗ್ಗಿದ್ದರೆ ಅಲ್ಲೊಂದು ಹಳೇ ಗುಂಡಿ, ಕಿತ್ತ ಮರದ ಬೊಡ್ಡೆ ಅಥವಾ ತೆಗೆಯದೇ ಬಿಟ್ಟ ಮೇಲ್ಮಣ್ಣು ಇದೆ. ಬೇರು, ಹುಲ್ಲು, ಗೊಬ್ಬರ ಬೆರೆತ ಮೇಲ್ಮಣ್ಣು ಕೊಳೆತಂತೆಲ್ಲ ಕುಗ್ಗುತ್ತದೆ. ಅದನ್ನು ಎಷ್ಟು ಬಡಿದರೂ ಗಟ್ಟಿಯಾಗುವುದಿಲ್ಲ.

ಖಚಿತ ಮಾಡಿಕೊಳ್ಳಲು ಹಾಸಿನ ಅಂಚಿಗೆ ಒತ್ತಿಕೊಂಡು, ಹೊರಗಡೆ 30 ಸೆಂ.ಮೀ. ಆಳದ ಗುಂಡಿ ತೋಡಿ. ಹಾಸಿನ ನಿಜವಾದ ದಪ್ಪ ಎಷ್ಟು, ಅದರ ಕೆಳಗೆ ಜಲ್ಲಿ ಇದೆಯೇ, ಎಷ್ಟು ದಪ್ಪ ಇದೆ, ಅದರ ಕೆಳಗಿನ ಮಣ್ಣು ಯಾವುದು ಎಲ್ಲವೂ ಕಣ್ಣಿಗೆ ಬೀಳುತ್ತದೆ. 6 ಮಿ.ಮೀ. ಕಂಬಿಯನ್ನು ಕೈಯಿಂದಲೇ ಆ ಮಣ್ಣಿಗೆ ಒತ್ತಿ. ಚೆನ್ನಾಗಿ ದಮ್ಮಸ್ಸು ಮಾಡಿದ (ಬಡಿದು ಗಟ್ಟಿಮಾಡಿದ) ನೆಲ ಒಂದೆರಡು ಬೆರಳಿನ ಅಗಲಕ್ಕಿಂತ ಒಳಗೆ ಬಿಡುವುದಿಲ್ಲ. ಕೈ ಒತ್ತಡಕ್ಕೇ 15 ಸೆಂ.ಮೀ. ಇಳಿದುಹೋದರೆ ಸಡಿಲ ನೆಲ. ಈಗ ಕಂಬಿಯನ್ನು ಹಾಸಿನ ಅಡಿಗೆ ಅಡ್ಡಲಾಗಿ ತೂರಿಸಿ, ಎಲ್ಲಿಯವರೆಗೆ ತಡೆಯಿಲ್ಲದೆ ಹೋಗುತ್ತದೆಂದು ಅಳೆಯಿರಿ. ಟೊಳ್ಳಿನ ವಿಸ್ತಾರ ಅದು.

ದುರಸ್ತಿಯ ಮೊದಲ ಹೆಜ್ಜೆ ನೀರನ್ನು ತಿರುಗಿಸುವುದು. ಅದಾಗದೆ ಉಳಿದದ್ದು ಯಾವುದೂ ನಿಲ್ಲದು. ಹಾಸು ಮುರಿಯದೆ, ವಾಟ (ನೀರು ಹರಿಯುವ ಇಳಿಜಾರು) ಕೆಡದೆ, ಅಡಿಯಲ್ಲಿ ಟೊಳ್ಳು ಮಾತ್ರ ಇದ್ದರೆ 25ರಿಂದ 40 ಮಿ.ಮೀ. ವ್ಯಾಸದ ರಂಧ್ರಗಳನ್ನು ಸುಮಾರು 1 ಮೀಟರಿಗೊಂದರಂತೆ ಕೊರೆದು, 1 ಭಾಗ ಸಿಮೆಂಟ್, 3 ಭಾಗ ನುಣ್ಣನೆಯ ಮರಳಿನ ಹರಿಯುವ ಗ್ರೌಟನ್ನು ತಗ್ಗಿನ ಕಡೆಯಿಂದ ಸುರಿಯುತ್ತ ಬನ್ನಿ. ಪಕ್ಕದ ರಂಧ್ರದಲ್ಲಿ ಗ್ರೌಟು ಮೇಲೆ ಬಂದ ಮೇಲೆ ಮುಂದಿನದಕ್ಕೆ ಹೋಗಿ. ಇದು ಟೊಳ್ಳು ತುಂಬುವ ಕೆಲಸ ಮಾತ್ರ. ತಗ್ಗಿದ ಹಾಸನ್ನು ಒತ್ತಡದಿಂದ ಮೇಲೆತ್ತಲು ಪಂಪು ಮತ್ತು ಅದರಲ್ಲಿ ಪಳಗಿದ ಕೈ ಬೇಕು. ಮನೆಯಲ್ಲಿ ಪ್ರಯತ್ನಿಸಿದರೆ ಹಾಸು ಮುರಿಯುವುದೇ ಹೆಚ್ಚು.

ಒಂದೇ ಪ್ಯಾನಲ್ (ಜಾಯಿಂಟುಗಳ ನಡುವಿನ ಹಾಸಿನ ಭಾಗ) ಮೂರು ನಾಲ್ಕು ತುಂಡಾಗಿ, ತುಂಡುಗಳ ನಡುವೆ 6 ಮಿ.ಮೀ.ಗಿಂತ ಹೆಚ್ಚು ಎತ್ತರದ ವ್ಯತ್ಯಾಸವಿದ್ದರೆ ಮೇಲೆ ಪದರ ಹಾಕಿ ಮುಚ್ಚುವ ಆಸೆ ಬಿಡಿ. ಆ ಪ್ಯಾನಲನ್ನು ಒಡೆದು ತೆಗೆದು ನೆಲವನ್ನೇ ಸರಿಮಾಡುವುದು ಕೊನೆಗೆ ಅಗ್ಗ.

ನೆಲ ಮತ್ತೆ ಕಟ್ಟುವಾಗ ಲೆಕ್ಕ ಹೀಗೆ: ಹಾಸು 100 ಮಿ.ಮೀ., ಅದರ ಕೆಳಗೆ ದಮ್ಮಸ್ಸಾದ ಜಲ್ಲಿ 100ರಿಂದ 150 ಮಿ.ಮೀ. ಅಂದರೆ ಸಿದ್ಧ ಮಟ್ಟದಿಂದ 200ರಿಂದ 250 ಮಿ.ಮೀ. ಅಗೆಯಬೇಕು. ಬೇರು ಕಂಡರೆ ಬೇರು ಮುಗಿಯುವವರೆಗೂ ಅಗೆಯಬೇಕು. ಪಾಯದ ಪಕ್ಕದ ತುಂಬುಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆದು, 100 ಮಿ.ಮೀ. ಪದರಗಳಲ್ಲಿ ಮತ್ತೆ ತುಂಬಿ ಬಡಿಯಬೇಕು. ಎಲ್ಲರೂ ಎಡವುವುದು ಇಲ್ಲೇ: 300 ಮಿ.ಮೀ. ಮಣ್ಣು ಒಮ್ಮೆಗೇ ಸುರಿದು ಮೇಲೆ ಪ್ಲೇಟ್ ಕಾಂಪ್ಯಾಕ್ಟರ್ ಓಡಿಸುತ್ತಾರೆ. ಮನೆಗೆಲಸಕ್ಕೆ ಬಾಡಿಗೆಗೆ ಸಿಗುವ ಸಣ್ಣ ಯಂತ್ರದ ಪೆಟ್ಟು 100 ಮಿ.ಮೀ.ಗಿಂತ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಮೇಲೆ ಕಲ್ಲಿನಂತೆ ಕಂಡರೂ ಕೆಳಗಿನ 200 ಮಿ.ಮೀ. ಹಾಗೇ ಸಡಿಲವಾಗಿರುತ್ತದೆ. ಕೈ ದಮ್ಮಸ್ಸಾದರೆ ಪದರ 75 ಮಿ.ಮೀ. ಮೀರದಿರಲಿ.

ಮಣ್ಣಿನ ತೇವವೂ ಸರಿಯಿರಬೇಕು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಎರಡು ಮೂರು ತುಂಡಾದರೆ ತೇವ ಸರಿ. ಉಂಡೆಯೇ ಕಟ್ಟದೆ ಉದುರಿದರೆ ನೀರು ಚಿಮುಕಿಸಿ. ಅಂಗೈ ಒದ್ದೆಯಾಗಿ ಉಂಡೆ ಚಪ್ಪಟೆಯಾದರೆ ಆ ದಿನ ಕೆಲಸ ನಿಲ್ಲಿಸಿ, ಒಣಗಲು ಬಿಡಿ. ಒದ್ದೆ ಜೇಡಿಯನ್ನು ಬಡಿದರೆ ಅದು ಗಟ್ಟಿಯಾಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ ಅಷ್ಟೇ.

ಜಲ್ಲಿ ಎಂದರೆ 20 ಮಿ.ಮೀ.ನಿಂದ ಕೆಳಗಿನ ಎಲ್ಲ ಗಾತ್ರ ಮತ್ತು ಜಲ್ಲಿಪುಡಿ ಬೆರೆತದ್ದು. ಒಂದೇ ಗಾತ್ರದ ದುಂಡು ಕಲ್ಲು ಬೇಡ, ಅದು ಉರುಳಾಡುತ್ತಲೇ ಇರುತ್ತದೆ. 3×4 ಮೀಟರ್ ಅಂಗಳದಲ್ಲಿ 100 ಮಿ.ಮೀ. ಪದರ ಕಟ್ಟಲು ಬಡಿದ ಮೇಲಿನ ಲೆಕ್ಕ 1.2 ಘನ ಮೀಟರ್. ಬಡಿದಾಗ ಇಳಿಯುವುದರಿಂದ 1.5 ಘನ ಮೀಟರ್ ತರಿಸಿ. ಈ ಪದರ ಹಾಸಿನ ಅಂಚಿನಿಂದ ಹೊರಗೆ 150 ಮಿ.ಮೀ.ವರೆಗೂ ಚಾಚಿರಲಿ, ಅಂಚು ಮುರಿಯುವುದು ಅಂಚಿನ ಕೆಳಗೇ ಜಲ್ಲಿ ನಿಂತುಹೋದಾಗ.

ಮಳೆಯಲ್ಲಿ ಏಳುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ

ಅಂಚುಗಳು ಮಳೆಗಾಲದಲ್ಲಿ ಮೇಲೆದ್ದು ಒಣಕಾಲದಲ್ಲಿ ಇಳಿಯುತ್ತಿದ್ದರೆ, ಪಕ್ಕದ ಬಯಲು ನೆಲದಲ್ಲಿ ಬೇಸಿಗೆಗೆ ಬೆರಳು ತೂರುವಷ್ಟು ಬಿರುಕು ಬಿಡುತ್ತಿದ್ದರೆ ಅದು ಹಿಗ್ಗುವ ಜೇಡಿ, ಎರೆಮಣ್ಣಿನ ಜಾತಿಯದು. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಣಗಿಸಿ ನುಣ್ಣಗೆ ಪುಡಿಮಾಡಿ ಜರಡಿ ಹಿಡಿದ 10 ಮಿ.ಲೀ. ಮಣ್ಣನ್ನು, ನೀರು ತುಂಬಿದ 100 ಮಿ.ಲೀ. ಅಳತೆ ಗಾಜಿನ ಕೊಳವೆಗೆ ನಿಧಾನವಾಗಿ ಉದುರಿಸಿ. ಒಂದು ದಿನ ಬಿಟ್ಟು ನೋಡಿದಾಗ ತಳದ ಮಣ್ಣು 15 ಮಿ.ಲೀ. ಒಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. 20 ಮಿ.ಲೀ. ಮುಟ್ಟಿದ್ದರೆ, ಅಂದರೆ ದುಪ್ಪಟ್ಟಾಗಿದ್ದರೆ, ಈ ಮಣ್ಣು ತೆಳು ಹಾಸನ್ನು ಎತ್ತಿಯೇ ಎತ್ತುತ್ತದೆ.

ಇಲ್ಲಿ ಕಬ್ಬಿಣ ಹೆಚ್ಚು ಹಾಕಿ ಗೆಲ್ಲಲಾಗದು. 450ರಿಂದ 600 ಮಿ.ಮೀ. ಆಳಕ್ಕೆ ಆ ಮಣ್ಣು ತೆಗೆದು, ಹಿಗ್ಗದ ಗ್ರಾವೆಲ್ ಮಣ್ಣನ್ನು ಪದರಪದರವಾಗಿ ಬಡಿದು ತುಂಬಬೇಕು. ಬರೀ ಮರಳು ತುಂಬಬೇಡಿ: ಸುತ್ತಲಿನ ಜೇಡಿಯ ನಡುವೆ ಅದು ತೊಟ್ಟಿಯಾಗಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಾಸಿನ ಅಂಚಿಗೇ ನೀರುಣಿಸುವ ಗಿಡಗಳ ಪಾತಿ ಮಾಡಬೇಡಿ. ಒಂದು ಬದಿ ಸದಾ ಒದ್ದೆ, ಇನ್ನೊಂದು ಬದಿ ಸದಾ ಒಣ, ಇದೇ ಹಾಸನ್ನು ತಿರುಚುವುದು.

ಅಂಚು ಋತು ನೋಡದೆ ವರ್ಷದಿಂದ ವರ್ಷಕ್ಕೆ ಏಳುತ್ತಲೇ ಇದ್ದು ಹತ್ತಿರದಲ್ಲಿ ದೊಡ್ಡ ಮರವಿದ್ದರೆ ಬೇರನ್ನು ಅನುಮಾನಿಸಿ, ಅಂಚಿನಲ್ಲಿ ತೋಡಿ ನೋಡಿ.

ನಡುವೆ ಸೀದಾ ಬಿರುಕು, ಎರಡೂ ಬದಿ ಒಂದೇ ಮಟ್ಟ

ಕಾಂಕ್ರೀಟು ಒಣಗಿದಂತೆ ಮೀಟರಿಗೆ ಸುಮಾರು ಅರ್ಧ ಮಿ.ಮೀ. ಕುಗ್ಗುತ್ತದೆ. ಇದನ್ನು ತಡೆಯಲಾಗದು, ಎಲ್ಲಿ ಬಿರಿಯಬೇಕೆಂದು ನಾವೇ ಗೆರೆ ಕೊಯ್ದು ತೋರಿಸಬಹುದು. ಜಾಯಿಂಟುಗಳ ಅಂತರ ದಪ್ಪದ 24ರಿಂದ 30 ಪಟ್ಟು, ಅಂದರೆ 100 ಮಿ.ಮೀ. ಹಾಸಿನಲ್ಲಿ 2.4ರಿಂದ 3 ಮೀಟರ್. ಆಳ ದಪ್ಪದ ಕಾಲು ಭಾಗ, 25 ಮಿ.ಮೀ. ಪ್ಯಾನಲಿನ ಉದ್ದ ಅಗಲದ ಒಂದೂವರೆ ಪಟ್ಟು ಮೀರಬಾರದು.

ಸ್ಕೇಲು ಇಳಿಸಿ ಇರುವ ಜಾಯಿಂಟಿನ ಆಳ ನೋಡಿ. ಅಂದಕ್ಕೆ ಎಳೆದ 8–10 ಮಿ.ಮೀ. ಗೆರೆ ಜಾಯಿಂಟ್ ಅಲ್ಲ. ಬಿರುಕು ಅದನ್ನು ಲೆಕ್ಕಿಸದೆ ತನ್ನ ದಾರಿಯಲ್ಲಿ ಹೋಗುತ್ತದೆ. ಆಳ ಸರಿಯಿದ್ದೂ ಬಿರುಕು ಜಾಯಿಂಟಿನ ಪಕ್ಕದಲ್ಲೇ, ಅಂಗೈ ಅಗಲದೊಳಗೆ ಓಡಿದ್ದರೆ ತಡವಾಗಿ ಕೊಯ್ದಿದ್ದಾರೆ. ಗರಗಸ ಹಾಕಿದಾಗ ಅಂಚಿನ ಜಲ್ಲಿ ಕಿತ್ತು ಬಾರದಷ್ಟು ಗಟ್ಟಿಯಾದ ಕೂಡಲೇ ಕೊಯ್ಯಬೇಕು. ಹವೆ ನೋಡಿಕೊಂಡು ಇದು 6ರಿಂದ 18 ಗಂಟೆ. ಬಿಸಿಲಿನ ದಿನಗಳಲ್ಲಿ ಮರುದಿನದವರೆಗೆ ಕಾಯುವುದೆಂದರೆ ಬಿರುಕಿಗೆ ಅವಕಾಶ ಕೊಟ್ಟಂತೆ.

ಬಿರುಕು ಕಂಬದ ಮೂಲೆಯಿಂದಲೋ, ಎಲ್ ಆಕಾರದ ಒಳಮೂಲೆಯಿಂದಲೋ, ಮೆಟ್ಟಿಲಿನ ತುದಿಯಿಂದಲೋ ಓರೆಯಾಗಿ ಹೊರಟಿದ್ದರೆ ಹಾಸು ಅಲ್ಲಿ ಅಂಟಿಕೊಂಡಿದೆ. ಗೋಡೆ, ಕಂಬ, ಮೆಟ್ಟಿಲು, ಚರಂಡಿ ಚೌಕಟ್ಟು ಇವೆಲ್ಲದರ ಮತ್ತು ಹಾಸಿನ ನಡುವೆ, ಪೂರ್ತಿ ದಪ್ಪಕ್ಕೆ 10–12 ಮಿ.ಮೀ. ಫೋಮ್ ಪಟ್ಟಿ ಇರಬೇಕು. ಒಳಮೂಲೆಯಿದ್ದರೆ ಅಲ್ಲಿಂದಲೇ ಒಂದು ಜಾಯಿಂಟ್ ಹೊರಡಿಸಬೇಕು.

ಕಂಬಿ ಹಾಕಿದ್ದೆವಲ್ಲ, ಆದರೂ ಯಾಕೆ ಬಿರಿಯಿತು ಎಂಬ ಪ್ರಶ್ನೆ ಸಹಜ. ಕಂಬಿಯ ಜಾಲರಿ ಬಿರುಕನ್ನು ತಡೆಯುವುದಿಲ್ಲ, ಬಿರಿದದ್ದು ಅಗಲವಾಗದಂತೆ ಹಿಡಿದುಕೊಳ್ಳುತ್ತದೆ. ಅದೂ ದಪ್ಪದ ಮೇಲಿನ ಅರ್ಧದಲ್ಲಿ, ಮೇಲ್ಮೈಯಿಂದ 35–40 ಮಿ.ಮೀ. ಕೆಳಗೆ ಇದ್ದರೆ. ನೆಲದ ಮೇಲೆ ಹರಡಿ, ಸುರಿಯುವಾಗ ಕೊಕ್ಕೆಯಿಂದ ಎತ್ತುತ್ತೇವೆ ಎಂದ ಜಾಲರಿ ತುಳಿತಕ್ಕೆ ಸಿಕ್ಕಿ ತಳದಲ್ಲೇ ಉಳಿದಿರುತ್ತದೆ. ಒಡೆದ ಅಂಚಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಕವರ್ ಬ್ಲಾಕಿನ (ಕಂಬಿಯನ್ನು ಎತ್ತರದಲ್ಲಿ ಹಿಡಿದಿಡುವ ಸಣ್ಣ ಬಿಲ್ಲೆಯ) ಮೇಲೆ ಕೂರಿಸಿ ಕಟ್ಟುವುದೊಂದೇ ದಾರಿ, ಮತ್ತು ಜಾಲರಿಯ ಮೇಲೆ ನಡೆಯದಂತೆ ಹಲಗೆ ಹಾಕಬೇಕು.

0.3 ಮಿ.ಮೀ.ಗಿಂತ ಸಣ್ಣ ಗೆರೆಯನ್ನು ಮುಟ್ಟಬೇಡಿ. ಅದಕ್ಕಿಂತ ಅಗಲವಿದ್ದು ಅಲುಗಾಟ ನಿಂತಿದ್ದರೆ ತೆಳುವಾದ ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಇಳಿಸಬಹುದು. ಅಲುಗುತ್ತಿದ್ದರೆ ಎಪಾಕ್ಸಿ ಹಾಕಿದ ಪಕ್ಕದಲ್ಲೇ ಹೊಸದು ಬಿರಿಯುತ್ತದೆ. ಅಂಥದ್ದನ್ನು ಜಾಯಿಂಟನ್ನಾಗಿ ಒಪ್ಪಿಕೊಳ್ಳುವುದೇ ಜಾಣತನ: ಗ್ರೈಂಡರಿನಿಂದ 10 ಮಿ.ಮೀ. ಅಗಲಕ್ಕೆ, 15–20 ಮಿ.ಮೀ. ಆಳಕ್ಕೆ ಕೊಯ್ದು, ದೂಳು ತೆಗೆದು, ತಳದಲ್ಲಿ ಫೋಮಿನ ಹುರಿ ಒತ್ತಿ, ಅದರ ಮೇಲೆ ಪಾಲಿಯುರಿಥೇನ್ ಸೀಲೆಂಟ್ ತುಂಬಿ. ಸೀಲೆಂಟಿನ ದಪ್ಪ ಅಗಲದ ಅರ್ಧ ಇರಲಿ. ಹುರಿ ಹಾಕುವುದು ಸೀಲೆಂಟು ತಳಕ್ಕೆ ಅಂಟಬಾರದೆಂದು: ಎರಡು ಬದಿಗೆ ಮಾತ್ರ ಅಂಟಿದ್ದರೆ ಅದು ರಬ್ಬರಿನಂತೆ ಎಳೆದಾಡುತ್ತದೆ, ತಳಕ್ಕೂ ಅಂಟಿದರೆ ಸೀಳಿಹೋಗುತ್ತದೆ. ಕೊಯ್ಯುವಾಗ ನೀರು ಹಾಯಿಸಿ, ದೂಳಿನ ಮಾಸ್ಕ್ ಹಾಕಿ. ಕಾಂಕ್ರೀಟ್ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ.

ಸುರಿದ ದಿನವೇ ಬಂದ ಬಿರುಕು

ಒಂದಕ್ಕೊಂದು ಹೆಚ್ಚುಕಡಿಮೆ ಸಮಾನಾಂತರ, 30 ಸೆಂ.ಮೀ.ನಿಂದ 1 ಮೀಟರ್ ಅಂತರ, ಅಂಚು ಮುಟ್ಟದೆ ನಡುವೆಯೇ ಮುಗಿಯುವ ಗೆರೆಗಳು: ಗಾಳಿ ಬಿಸಿಲಿನ ಕೆಲಸ. ಕಾಂಕ್ರೀಟಿನೊಳಗಿಂದ ಮೇಲೆ ಬರುವ ನೀರಿಗಿಂತ ಆರಿಹೋಗುವ ನೀರು ಹೆಚ್ಚಾದಾಗ ಮೇಲ್ಮೈ ಬಿರಿಯುತ್ತದೆ. ಗಂಟೆಗೆ ಚದರ ಮೀಟರಿಗೆ 1 ಲೀಟರ್ ಆರುವಂಥ ಹವೆ ಅಪಾಯದ ಗಡಿ. ಇದಕ್ಕೆ ಸುಡುಬಿಸಿಲೇ ಬೇಕೆಂದಿಲ್ಲ, ಒಣಗಾಳಿ ಬೀಸುವ ತಂಪು ದಿನವೂ ಸಾಕು. ಕಂಡಾಗ ಕಾಂಕ್ರೀಟು ಇನ್ನೂ ಮೆತ್ತಗಿದ್ದರೆ ಮರದ ಫ್ಲೋಟಿನಿಂದ (ತಿಕ್ಕುವ ಹಿಡಿಹಲಗೆಯಿಂದ) ಬಲವಾಗಿ ಒತ್ತಿ ತಿಕ್ಕಿ ಮುಚ್ಚಿ, ತಕ್ಷಣ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬರೀ ಮೇಲೆ ಸವರಿದರೆ ಒಳಗೆ ಹಾಗೇ ಉಳಿಯುತ್ತದೆ.

ಗೆರೆಗಳು ಜಾಲರಿಯ ಚೌಕಗಳನ್ನೇ ನಕಲು ಮಾಡಿದಂತೆ ಬಂದಿದ್ದರೆ ಕಾರಣ ಬೇರೆ. ನೀರು ಹೆಚ್ಚಾದ ಕಾಂಕ್ರೀಟು ಕಂಬಿಯ ಎರಡು ಬದಿಗೆ ಇಳಿದು, ಕಂಬಿಯ ನೇರ ಮೇಲೆ ಬಿರಿದಿದೆ. ಮೇಲಿನ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಕಡಿಮೆಯಿದ್ದಷ್ಟೂ ಇದು ಹೆಚ್ಚು.

ಮೇಲ್ಮೈ ಪುಡಿ ಉದುರುತ್ತದೆ, ಹಕ್ಕಳೆ ಏಳುತ್ತದೆ

ದಪ್ಪ ಮೊಳೆಯಿಂದ ಗಟ್ಟಿಯಾಗಿ ಗೀಚಿ. 1–2 ಮಿ.ಮೀ. ಪುಡಿಯಾಗಿ ಕೆಳಗೆ ಗಟ್ಟಿ ಸಿಕ್ಕರೆ ಫಿನಿಶಿಂಗಿನ ದೋಷ. ಗೀಚಿದಷ್ಟೂ ಪುಡಿಯೇ ಬರುತ್ತಿದ್ದರೆ ಇಡೀ ಮಿಶ್ರಣವೇ ದುರ್ಬಲ, ಅದಕ್ಕೆ ಮದ್ದಿಲ್ಲ.

ದುರ್ಬಲ ಮಿಶ್ರಣದ ಹಿಂದೆ ಬಹುಪಾಲು ನೀರೇ ಇರುತ್ತದೆ. ನೀರು ಮತ್ತು ಸಿಮೆಂಟಿನ ಅನುಪಾತವೇ ಕಾಂಕ್ರೀಟಿನ ಬಲ ನಿರ್ಧರಿಸುತ್ತದೆಂದು ಅಮೆರಿಕದ ಸಂಶೋಧಕ ಡಫ್ ಏಬ್ರಮ್ಸ್ 1918ರಲ್ಲೇ ಪ್ರಕಟಿಸಿದ; ಇಂದಿಗೂ ಕೆಲಸದ ಜಾಗದಲ್ಲಿ ಅತಿ ಹೆಚ್ಚು ಮುರಿಯುವ ನಿಯಮ ಅದೇ. 1:1.5:3 ಮಿಶ್ರಣದಲ್ಲಿ 50 ಕೆ.ಜಿ. ಸಿಮೆಂಟಿಗೆ, ಅಂದರೆ ಸುಮಾರು 35 ಲೀಟರಿಗೆ, 52 ಲೀಟರ್ ಮರಳು, 105 ಲೀಟರ್ 20 ಮಿ.ಮೀ. ಜಲ್ಲಿ, 25ರಿಂದ 27 ಲೀಟರ್ ನೀರು. ಈ ನೀರಿನಲ್ಲಿ ಮರಳಿನ ತೇವವೂ ಸೇರಿದೆ. 52 ಲೀಟರ್ ಮರಳೆಂದರೆ ಸುಮಾರು 80 ಕೆ.ಜಿ.; ಅದರಲ್ಲಿ ನೂರಕ್ಕೆ 5ರಷ್ಟು ತೇವವಿದ್ದರೆ ಆಗಲೇ 4 ಲೀಟರ್ ನೀರು ಒಳಗಿದೆ. ಸುರಿಯಬೇಕಾದದ್ದು 21–23 ಲೀಟರ್ ಮಾತ್ರ. ಮಳೆ ಬಂದ ಮರುದಿನ ಅದೇ ಬಕೆಟ್ ಲೆಕ್ಕದಲ್ಲಿ ಕಲಸಿದರೆ ಹಾಸು ಪುಡಿಯಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಇದರ ಜೊತೆ ತೇವದ ಮರಳು ಉಬ್ಬಿಕೊಂಡು ನೂರಕ್ಕೆ 20–30ರಷ್ಟು ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ಡಬ್ಬಿಯ ಅಳತೆಯಲ್ಲಿ ಮರಳು ಕಡಿಮೆ ಬೀಳುತ್ತದೆ.

ಚೀಲಕ್ಕೆ 25ರ ಬದಲು 32 ಲೀಟರ್ ಹಾಕಿದರೆ ಬಲ ಕಾಲು ಭಾಗಕ್ಕೂ ಹೆಚ್ಚು ಕುಸಿಯುತ್ತದೆ, ಕುಗ್ಗುವಿಕೆ ಏರುತ್ತದೆ. ಸರಿಯಾದ ಹದವನ್ನು ಸ್ಲಂಪ್ ಕೋನ್ ಹೇಳುತ್ತದೆ: 300 ಮಿ.ಮೀ. ಎತ್ತರದ ಕೋನು ಎತ್ತಿದಾಗ ಕಾಂಕ್ರೀಟು 75–100 ಮಿ.ಮೀ. ಕುಸಿಯಬೇಕು. ತಾನೇ ಹರಿದು ಹರಡಿಕೊಂಡರೆ ನೀರು ಹೆಚ್ಚು. ಗಟ್ಟಿಯಾಗತೊಡಗಿದ ಕಾಂಕ್ರೀಟಿಗೆ ನೀರು ಬೆರೆಸಿ ಮತ್ತೆ ಮೆತ್ತಗೆ ಮಾಡುವುದಂತೂ ಬೇಡವೇ ಬೇಡ. ಕಲಸಿದ್ದು ಒಂದೂವರೆ ಗಂಟೆಯೊಳಗೆ ಜಾಗ ಸೇರಿರಬೇಕು.

ಫಿನಿಶಿಂಗಿನ ದೋಷವೂ ನೀರಿನದ್ದೇ, ಹೊತ್ತು ತಪ್ಪಿದ ನೀರು. ಪಟ್ಟಿ ಎಳೆದು ಮಟ್ಟ ಮಾಡಿದ ಕೂಡಲೇ ಒಮ್ಮೆ ಮರದ ಫ್ಲೋಟ್ ಆಡಿಸಿ ಕೈ ಬಿಡಬೇಕು. ಸ್ವಲ್ಪ ಹೊತ್ತಿಗೆ ಮೇಲೆ ನೀರು ತೇಲಿ ಮೇಲ್ಮೈ ಹೊಳೆಯುತ್ತದೆ. ಆ ಹೊಳಪು ಮಾಯವಾಗಿ, ಕಾಲಿಟ್ಟರೆ 5–6 ಮಿ.ಮೀ. ಅಚ್ಚು ಮಾತ್ರ ಬೀಳುವವರೆಗೆ ಯಾರೂ ಕರಣೆ ಮುಟ್ಟಬಾರದು. ಅವಸರಕ್ಕೆ ಆ ನೀರನ್ನು ಒಳಗೇ ತಿಕ್ಕಿದರೆ ಮೇಲಿನ ಒಂದೆರಡು ಮಿ.ಮೀ. ಬರೀ ನೀರು ಸಿಮೆಂಟಿನ ಕೆನೆಯಾಗುತ್ತದೆ, ಒಣಗಿದ ಮೇಲೆ ಪುಡಿ. ಕಬ್ಬಿಣದ ಕರಣೆಯಿಂದ ಬೇಗ ನುಣುಪು ಮಾಡಿದರೆ ಮೇಲೆ ಬರುತ್ತಿದ್ದ ನೀರು ಪದರದ ಕೆಳಗೆ ಸಿಕ್ಕಿಹಾಕಿಕೊಂಡು ಹಕ್ಕಳೆ ಏಳುತ್ತದೆ. ಸುತ್ತಿಗೆಗೆ ಟಪಟಪ ಎಂದದ್ದು ಈ ಜಾಗವೇ. ನೀರು ಹೀರಲೆಂದು ಒಣ ಸಿಮೆಂಟ್ ಉದುರಿಸುವ ರೂಢಿ ಎರಡೂ ದೋಷಗಳನ್ನು ಒಟ್ಟಿಗೆ ತರುತ್ತದೆ. ಹೊರಾಂಗಣದಲ್ಲಿ ನುಣುಪು ಬೇಕಾಗಿಯೂ ಇಲ್ಲ, ಮಳೆಯಲ್ಲಿ ಜಾರುತ್ತದೆ. ಫ್ಲೋಟಿನ ಮೇಲೆ ಪೊರಕೆ ಗೆರೆ ಎಳೆದರೆ ಸಾಕು.

ತೆಳು ಪುಡಿಯಾದರೆ 1–2 ಮಿ.ಮೀ. ಗ್ರೈಂಡ್ ಮಾಡಿ, ತೊಳೆದು ಒಣಗಿಸಿ, ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ಹಾರ್ಡನರ್ ಎರಡು ಸಲ ಬಳಿಯಿರಿ. ಹಕ್ಕಳೆ ಎದ್ದ ಕಡೆ ಟೊಳ್ಳು ದನಿ ನಿಲ್ಲುವವರೆಗೂ ಕೆತ್ತಿ, ಅಂಚನ್ನು 10 ಮಿ.ಮೀ. ನೆಟ್ಟಗೆ ಕೊಯ್ದು, ಒದ್ದೆ ಮಾಡಿ ನಿಂತ ನೀರು ಒರೆಸಿ, ಪಾಲಿಮರ್ ಬಾಂಡಿಂಗ್ ಕೋಟ್ ಹಸಿಯಿರುವಾಗಲೇ ಪಾಲಿಮರ್ ಗಾರೆ ತುಂಬಿ. ಅಂಚನ್ನು ತೆಳುವಾಗಿ ಸವರಿ ಮುಗಿಸಿದ ತೇಪೆ ಅಂಚಿನಿಂದಲೇ ಏಳುತ್ತದೆ.

ಕ್ಯೂರಿಂಗ್ ಕಡಿಮೆಯಾದರೂ ಪುಡಿ ಉದುರುತ್ತದೆ. ಸಾದಾ ಸಿಮೆಂಟಿಗೆ 7 ದಿನ, ಹಾರುಬೂದಿ ಬೆರೆತದ್ದಕ್ಕೆ ಅಥವಾ ಒಣಬಿಸಿಲಿನಲ್ಲಿ 10 ದಿನ ಬಿಡದೆ ಒದ್ದೆಯಿರಬೇಕು. ದಿನಕ್ಕೆರಡು ಸಲ ನೀರು ಚಿಮುಕಿಸಿ ನಡುವೆ ಒಣಗಲು ಬಿಟ್ಟರೆ ಮೇಲ್ಮೈಯಲ್ಲಿ ಬಲೆಯಂಥ ಸಣ್ಣ ಗೆರೆಗಳು ಮೂಡುತ್ತವೆ. ಅವು ಆಳವಿಲ್ಲ, ಬಲಕ್ಕೆ ತೊಂದರೆಯಿಲ್ಲ, ಹಾಗೇ ಬಿಡಬಹುದು. ಒದ್ದೆ ಗೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಕಲ್ಲಿಟ್ಟರೆ ಕೆಲಸವೂ ಕಡಿಮೆ, ಫಲವೂ ಹೆಚ್ಚು.

ನೀರು ನಿಲ್ಲುತ್ತದೆ; ಅಂಚಿನಲ್ಲಿ ಗೂಡು; ಬಿಳಿ ಪುಡಿ

ವಾಟ ಮನೆಯಿಂದ ಹೊರಕ್ಕೆ ಮೀಟರಿಗೆ 20 ಮಿ.ಮೀ. ಇರಬೇಕು. ಎರಡು ಬಕೆಟ್ ನೀರು ಸುರಿದು, ಒಂದು ಗಂಟೆಯ ನಂತರ ನಿಂತ ಜಾಗ ಗುರುತಿಸಿ ಪಟ್ಟಿ ಇಟ್ಟು ಅಳೆಯಿರಿ. ತಗ್ಗು 3 ಮಿ.ಮೀ. ಒಳಗಿದ್ದರೆ ನೀರಿಗೆ ತಡೆಯಾದ ಉಬ್ಬನ್ನು ಗ್ರೈಂಡ್ ಮಾಡಿದರೆ ಮುಗಿಯಿತು. ತಗ್ಗು ಶೆಟ್ರಿಂಗ್ ಹಲಗೆಯ ಅಂಚಿನಲ್ಲೇ ಇದ್ದರೆ ಗೂಟಗಳು ದೂರವಾಗಿ ಹಲಗೆ ಬಾಗಿದೆ. ಗೂಟ 1 ಮೀಟರಿಗಿಂತ ದೂರ ಬೇಡ.

ಅಂಚಿನಲ್ಲಿ ಜಲ್ಲಿ ಜೇನುಗೂಡಿನಂತೆ ಬಯಲಾಗಿದ್ದರೆ ಅಲ್ಲಿ ವೈಬ್ರೇಟರ್ ತಲುಪಿಲ್ಲ, ಕಂಬಿಯಿಂದ ಕುತ್ತಿಯೂ ಇಲ್ಲ. ಸಡಿಲ ಜಲ್ಲಿ ಕಿತ್ತು ಪಾಲಿಮರ್ ಗಾರೆ ತುಂಬಿ. ಬಿಳಿ ಪುಡಿ ಒಳಗಿನ ಲವಣ, ಒಣ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಪದೇಪದೇ ಒಂದೇ ಕಡೆ ಬಂದರೆ ಅಡಿಯಿಂದ ನೀರು ಏರುತ್ತಿದೆ, ಮತ್ತೆ ಚರಂಡಿ ಪೈಪು ನೋಡಿ.

ಒಂದು ಪ್ಯಾನಲ್ ಒಡೆದು ಮತ್ತೆ ಸುರಿಯುವಾಗ

ಹಳೇ ಹಾಸಿನ ಅಂಚನ್ನು ಗರಗಸದಿಂದ ಪೂರ್ತಿ ಆಳಕ್ಕೆ ನೇರವಾಗಿ ಕೊಯ್ಯಿರಿ. ಹೊಸದು ಹಳೆಯದು ಒಂದೇ ಮಟ್ಟದಲ್ಲಿ ನಿಲ್ಲಲು ಹಳೇ ಅಂಚಿನ ನಡು ಎತ್ತರದಲ್ಲಿ, 30 ಸೆಂ.ಮೀ.ಗೊಂದರಂತೆ ರಂಧ್ರ ಕೊರೆದು, 12 ಮಿ.ಮೀ. ದಪ್ಪ, 40 ಸೆಂ.ಮೀ. ಉದ್ದದ ನುಣುಪು ಸರಳುಗಳನ್ನು ಅರ್ಧದವರೆಗೆ ಎಪಾಕ್ಸಿಯಲ್ಲಿ ಕೂರಿಸಿ. ಹೊರಗುಳಿದ ಅರ್ಧಕ್ಕೆ ಗ್ರೀಸ್ ಬಳಿಯಿರಿ: ಹೊಸ ಕಾಂಕ್ರೀಟು ಕುಗ್ಗುವಾಗ ಸರಳಿನ ಮೇಲೆ ಜಾರಬೇಕು. ಸರಳುಗಳೆಲ್ಲ ಒಂದಕ್ಕೊಂದು ಸಮಾನಾಂತರ, ಮಟ್ಟವಾಗಿ ಇರಲಿ. ಒಂದು ಓರೆಯಾದರೂ ಜಾರದೆ ಹಿಡಿದುಕೊಂಡು ಅಲ್ಲೇ ಬಿರಿಯುತ್ತದೆ.

ಜಲ್ಲಿ ಪದರವನ್ನು ನೀರು ನಿಲ್ಲದಂತೆ ಒದ್ದೆ ಮಾಡಿ ಸುರಿಯಿರಿ. 3×4 ಮೀಟರ್, 100 ಮಿ.ಮೀ. ದಪ್ಪಕ್ಕೆ ನಷ್ಟ ಸೇರಿ 1.3 ಘನ ಮೀಟರ್ ಕಾಂಕ್ರೀಟು, ಅಂದರೆ 11 ಚೀಲ ಸಿಮೆಂಟ್, 0.6 ಘನ ಮೀಟರ್ ಮರಳು, 1.2 ಘನ ಮೀಟರ್ ಜಲ್ಲಿ. ಆ ಅಳತೆಯ ಹಾಸಿನಲ್ಲಿ 4 ಮೀಟರ್ ಬದಿಯ ನಡುವೆ ಒಂದು ಜಾಯಿಂಟ್ ಕೊಯ್ದರೆ 3×2ರ ಎರಡು ಪ್ಯಾನಲ್ ಆಗುತ್ತವೆ. ಗಂಬೂಟು, ರಬ್ಬರ್ ಕೈಗವಸು ಇಲ್ಲದೆ ಇಳಿಯಬೇಡಿ. ಹಸಿ ಕಾಂಕ್ರೀಟಿನ ಕ್ಷಾರ ಚರ್ಮ ಸುಡುತ್ತದೆ, ಸುಟ್ಟದ್ದು ಕೆಲವು ಗಂಟೆ ಕಳೆದ ಮೇಲೇ ಗೊತ್ತಾಗುವುದು. ಒಂದು ದಿನ ಕಳೆದ ಮೇಲೆ ನಡೆದಾಡಬಹುದು, 7 ದಿನದ ನಂತರ ಮೇಜು ಕುರ್ಚಿ, ಭಾರದ ಹೂಕುಂಡ ಮತ್ತು ನೀರಿನ ಟ್ಯಾಂಕನ್ನು 28 ದಿನ ಕಳೆದ ಮೇಲೆ ಇಡಿ. ಬಿರುಕು ಹಾಸಿನಲ್ಲಿ ನಿಲ್ಲದೆ ಮನೆಯ ಗೋಡೆಗೂ ಏರಿದ್ದರೆ ಇದ್ಯಾವುದನ್ನೂ ಶುರುಮಾಡದೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರಿಗೆ ಪಾಯ ತೋರಿಸಿ.